ಫ್ರೀಜರ್‌ನಲ್ಲಿಟ್ಟ ಚಕ್ಕೋತದ ಬೀಜ

ನಮ್ಮ ಮನೆ ಫ್ರೀಜರ್‌ನಲ್ಲಿ, ಬಟಾಣಿ ಪ್ಯಾಕೆಟ್ಟಿನ ಹಿಂದೆ ಒಂದು ಹಳೇ ಐಸ್‌ಕ್ರೀಂ ಡಬ್ಬಿ ಇದೆ. ಅದರ ಮುಚ್ಚಳದ ಮೇಲೆ ‘ಅಜ್ಜಿ ಚಕ್ಕೋತ, ಯಾರೂ ಮುಟ್ಟಬೇಡಿ’ ಅಂತ ಸ್ಕೆಚ್ ಪೆನ್ನಿನಲ್ಲಿ ಬರೆದಿದ್ದೇನೆ. ಹೋದ ವರ್ಷ ಫೆಬ್ರವರಿಯಲ್ಲಿ ಅದರೊಳಗೆ 48 ಬೀಜ ಇಟ್ಟಿದ್ದೆ. ಒಂದು ಮರವನ್ನು ಉಳಿಸುವುದಕ್ಕೆ ನನಗೆ ಆಗ ತೋಚಿದ್ದು ಅಷ್ಟೇ.

ನಾನು ಓದಿದ್ದು ಕಂಪ್ಯೂಟರ್ ಸೈನ್ಸ್ ಎಂಜಿನಿಯರಿಂಗ್, ಕೆಲಸ ಸಾಫ್ಟ್‌ವೇರ್. ಗಿಡ-ಮರದ ವಿಷಯದಲ್ಲಿ ನನಗೆ ಗೊತ್ತಿದ್ದಿದ್ದು ಸೊನ್ನೆ. ಆದರೆ ಒಂದು ನಂಬಿಕೆ ಗಟ್ಟಿಯಾಗಿತ್ತು. ಯಾವುದೇ ವಸ್ತು ಕಳೆದುಹೋಗುವ ಭಯ ಇದ್ದರೆ ಅದರದ್ದೊಂದು ಕಾಪಿ ಇಟ್ಟುಕೊಳ್ಳಬೇಕು. ಬೀಜ ಅಂದರೆ ಮರದ ಕಾಪಿ, ಫ್ರೀಜರ್ ಅಂದರೆ ಕೆಡದ ಜಾಗ. ಲೆಕ್ಕ ಸರಿಯಾಗಿಯೇ ಇತ್ತಲ್ಲ? ಆ ಲೆಕ್ಕದಲ್ಲಿ ಎಷ್ಟು ತಪ್ಪಿತ್ತು ಅನ್ನೋದು ಗೊತ್ತಾಗಲು ನಾಲ್ಕು ತಿಂಗಳು ಬೇಕಾಯಿತು. ಆ ಕತೆ ಹೇಳುತ್ತೇನೆ ಕೇಳಿ.

ಹಿತ್ತಿಲು ಚಿಕ್ಕಪ್ಪನ ಪಾಲಿಗೆ

ನಮ್ಮದು ದೇವನಹಳ್ಳಿ ತಾಲ್ಲೂಕಿನ ಒಂದು ಸಣ್ಣ ಊರು. 2008ರಲ್ಲಿ ವಿಮಾನ ನಿಲ್ದಾಣ ಶುರುವಾದ ಮೇಲೆ ಊರಿನ ಆಕಾಶ, ನೆಲ, ನೆಲದ ಬೆಲೆ ಮೂರೂ ಬದಲಾದವು. ಆದರೆ ಹಿತ್ತಿಲಿನ ಚಕ್ಕೋತದ ಮರ ಮಾತ್ರ ಬದಲಾಗಿರಲಿಲ್ಲ. ಅಜ್ಜಿ ಮದುವೆಯಾಗಿ ಬಂದಾಗ ಅದು ಅವರ ಭುಜದೆತ್ತರ ಇತ್ತಂತೆ. ಹಣ್ಣು ಕೆಂಪು ತೊಳೆ, ಸಿಹಿ ಜಾಸ್ತಿ, ಕಹಿ ಬಹಳ ಕಡಿಮೆ. ತೊಳೆ ಬಿಡಿಸಿ, ಮೇಲಿನ ಬಿಳಿ ಪೊರೆ ಸುಲಿದು, ಉಪ್ಪು ಖಾರ ಉದುರಿಸಿ ಜಗಲಿ ಮೇಲೆ ಕೂತು ತಿಂದಿದ್ದು ನನ್ನ ಬೇಸಿಗೆ ರಜೆಯ ಮೊದಲ ನೆನಪು. ಗಣೇಶನ ಹಬ್ಬದಲ್ಲಿ ಮಂಟಪಕ್ಕೆ ಕಟ್ಟಲು ಬೀದಿಯವರೆಲ್ಲ ನಮ್ಮ ಮನೆಗೇ ಬರುತ್ತಿದ್ದರು.

ದೇವನಹಳ್ಳಿ ಚಕ್ಕೋತಕ್ಕೆ ಜಿಐ ಟ್ಯಾಗ್, ಅಂದರೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ. ಬೆಂಗಳೂರು ನೀಲಿ ದ್ರಾಕ್ಷಿಗೂ, ಬೆಂಗಳೂರು ಗುಲಾಬಿ ಈರುಳ್ಳಿಗೂ ಇದೆ. ಆದರೆ ಆ ಮಾನ್ಯತೆ ಕಾಪಾಡುವುದು ಹೆಸರನ್ನು. ಬೇರೆ ಊರಿನ ಹಣ್ಣನ್ನು ದೇವನಹಳ್ಳಿಯದು ಅಂತ ಮಾರಬಾರದು, ಅಷ್ಟೇ. ಹಿತ್ತಿಲಲ್ಲಿ ನಿಂತ ಮರವನ್ನು ಅದು ಕಾಯುವುದಿಲ್ಲ.

ಸಂಕ್ರಾಂತಿಯ ಮಾರನೇ ದಿನ ಪಾಲಿನ ಮಾತಾಯಿತು. ಹಿತ್ತಿಲು ಚಿಕ್ಕಪ್ಪನ ಪಾಲಿಗೆ ಬಂತು. ಅವರ ಮಗನಿಗೆ ಮದುವೆ ಗೊತ್ತಾಗಿದೆ, ಮನೆ ಬೇಕು. ಶ್ರಾವಣದಲ್ಲಿ ಗುದ್ದಲಿ ಪೂಜೆ, ಮರ ಇರುವ ಜಾಗದಲ್ಲೇ ಪಾಯ. ಇದರಲ್ಲಿ ಯಾರದ್ದೂ ತಪ್ಪಿಲ್ಲ. ನಾನೇ ಬೆಂಗಳೂರಿನಲ್ಲಿ ಇರುವ ಅಪಾರ್ಟ್‌ಮೆಂಟಿನ ಕೆಳಗೆ ಯಾರ ತೋಟ ಇತ್ತೋ ಯಾರಿಗೆ ಗೊತ್ತು? ಚಿಕ್ಕಪ್ಪನಿಗೆ ಏನು ಹೇಳಲಿ?

ಅಜ್ಜಿ ಆವತ್ತು ಏನೂ ಮಾತಾಡಲಿಲ್ಲ. ಮಾರನೇ ತಿಂಗಳು ನಾನು ಊರಿಗೆ ಹೋದಾಗ ಎರಡು ದೊಡ್ಡ ಹಣ್ಣು ಕೊಟ್ಟು, “ತಿನ್ನಮ್ಮ, ಮುಂದಿನ ವರ್ಷ ಸಿಗಲ್ಲ” ಅಂದರು. ಅಷ್ಟೇ ಮಾತು. ಬಸ್ಸಿನಲ್ಲಿ ಕೂತು ನಾನು ನಿರ್ಧಾರ ಮಾಡಿದೆ. ಮನೆಗೆ ಬಂದು ಹಣ್ಣು ತಿಂದು, ಬೀಜ ತೊಳೆದು, ಒರೆಸಿ, ಡಬ್ಬಿಗೆ ಹಾಕಿ ಫ್ರೀಜರ್‌ಗೆ ಇಟ್ಟೆ. ಅಷ್ಟರಲ್ಲಿ ಅಜ್ಜಿಯೂ ಊರಿನಲ್ಲಿ ತಮ್ಮ ಪಾಡಿಗೆ ಒಂದು ಕೆಲಸ ಮಾಡಿದ್ದರು. ಒಡೆದ ಪೇಂಟ್ ಬಕೆಟ್ಟಿಗೆ ಮಣ್ಣು-ಗೊಬ್ಬರ ತುಂಬಿ 12 ಬೀಜ ಊರಿದ್ದರು. ನನಗೆ ಹೇಳಿರಲಿಲ್ಲ.

ಮೇ ತಿಂಗಳಲ್ಲಿ ನಾನು ಫ್ರೀಜರ್‌ನಿಂದ 24 ಬೀಜ ತೆಗೆದು ಬಾಲ್ಕನಿಯ ಕುಂಡಗಳಲ್ಲಿ ಹಾಕಿದೆ. ಒಂದು ವಾರ, ಎರಡು ವಾರ, ಒಂದು ತಿಂಗಳು. ಒಂದೂ ಮೊಳೆಯಲಿಲ್ಲ. ಕೆದಕಿ ನೋಡಿದರೆ ಬೀಜ ಮೆತ್ತಗಾಗಿ ಕೊಳೆತಿತ್ತು. ಅಜ್ಜಿಯ ಬಕೆಟ್ಟಿನಲ್ಲಿ ಅಷ್ಟು ಹೊತ್ತಿಗೆ 9 ಸಸಿ ಗೇಣುದ್ದ ನಿಂತಿದ್ದವು.

ಅದೇ ಮೈನಸ್ 18, ಫಲ ಬೇರೆ

ನನಗೆ ಅವಮಾನಕ್ಕಿಂತ ಆಶ್ಚರ್ಯ ಹೆಚ್ಚಾಯಿತು. ಯಾಕೆಂದರೆ ನಾರ್ವೆ ದೇಶದ ಸ್ವಾಲ್ಬಾರ್ಡ್ ದ್ವೀಪದಲ್ಲಿ, ಹಿಮದ ಗುಡ್ಡ ಕೊರೆದು ಮಾಡಿದ ಬೀಜದ ಉಗ್ರಾಣದ ಬಗ್ಗೆ ಓದಿದ್ದೆ. 2008ರಲ್ಲಿ ಶುರುವಾದ ಆ ಉಗ್ರಾಣದಲ್ಲಿ ಪ್ರಪಂಚದ ಮೂಲೆಮೂಲೆಯ ಬೀಜಗಳಿವೆ. ಅಲ್ಲಿನ ಉಷ್ಣತೆ ಮೈನಸ್ 18 ಡಿಗ್ರಿ. ನಮ್ಮ ಮನೆ ಫ್ರೀಜರ್ ಬಾಗಿಲ ಮೇಲೂ ಮೈನಸ್ 18 ಅಂತಲೇ ಬರೆದಿದೆ. ಅಲ್ಲಿ ಬದುಕುವ ಬೀಜ ಇಲ್ಲಿ ಯಾಕೆ ಸತ್ತಿತು?

ಗೆಳತಿಯೊಬ್ಬಳ ಅಕ್ಕ ಸಸ್ಯ ತಳಿಶಾಸ್ತ್ರದಲ್ಲಿ ಸಂಶೋಧನೆ ಮಾಡುತ್ತಾರೆ. ಫೋನ್ ಮಾಡಿ ಕತೆ ಹೇಳಿದೆ. ಆ ಕಡೆಯಿಂದ ಮೊದಲು ಬಂದಿದ್ದು ನಗು. ಆಮೇಲೆ ಒಂದು ಪ್ರಶ್ನೆ: “ಫ್ರೀಜರ್‌ನಲ್ಲಿ ನೀರಿನ ಬಾಟಲ್ ತುಂಬಿಸಿ ಇಟ್ಟಿದ್ದೀಯಾ ಯಾವತ್ತಾದ್ರೂ?”

ಇಟ್ಟಿದ್ದೆ. ಬಾಟಲ್ ಬಿರಿದಿತ್ತು. ನೀರು ಹೆಪ್ಪುಗಟ್ಟಿದಾಗ ಸುಮಾರು 9% ಹಿಗ್ಗುತ್ತದೆ. ಹಸಿ ಬೀಜದ ಪ್ರತಿಯೊಂದು ಜೀವಕೋಶವೂ ಒಂದೊಂದು ನೀರಿನ ಬಾಟಲಿಯೇ. ಒಳಗೆ ಮಂಜಿನ ಹರಳು ಕಟ್ಟಿದರೆ ಕೋಶದ ತೆಳು ಪೊರೆ ಹರಿಯುತ್ತದೆ. ಹೊರಗೆ ತೆಗೆದು ಕರಗಿಸಿದರೆ ಉಳಿಯುವುದು ಸೊಪ್ಪಿನ ರಸದಂಥದ್ದು ಮಾತ್ರ, ಜೀವ ಅಲ್ಲ. ಫ್ರೀಜರ್‌ನಲ್ಲಿಟ್ಟ ಟೊಮೆಟೊ ಹೊರತೆಗೆದಾಗ ಪಿಚಪಿಚ ಅನ್ನುತ್ತದಲ್ಲ, ಅದೇ ಕಾರಣ.

ಸ್ವಾಲ್ಬಾರ್ಡ್‌ನ ಗುಟ್ಟು ಚಳಿಗಿಂತ ಮೊದಲು ಒಣಗಿಸುವುದರಲ್ಲಿದೆ. ಬೀಜದ ತೇವಾಂಶವನ್ನು 5-6%ರ ಮಟ್ಟಕ್ಕೆ ಇಳಿಸಿ, ಗಾಳಿಯಾಡದ ಅಲ್ಯೂಮಿನಿಯಂ ಪೊಟ್ಟಣದಲ್ಲಿ ಬಿಗಿದು, ಆಮೇಲೆ ತಣ್ಣಗೆ ಇಡುತ್ತಾರೆ. ಹೆಪ್ಪುಗಟ್ಟಲು ನೀರೇ ಇಲ್ಲದಿದ್ದರೆ ಹರಳು ಎಲ್ಲಿಂದ ಬರಬೇಕು? ಬೀಜಶಾಸ್ತ್ರದವರು ಹೇಳುವ ಒಂದು ಅಂದಾಜು ಲೆಕ್ಕವಿದೆ: ತೇವಾಂಶ 1% ಇಳಿದರೆ ಬೀಜದ ಆಯಸ್ಸು ದುಪ್ಪಟ್ಟು, ಉಷ್ಣತೆ ಸುಮಾರು 5 ಡಿಗ್ರಿ ಇಳಿದರೆ ಮತ್ತೆ ದುಪ್ಪಟ್ಟು.

ಇದನ್ನು ಅಜ್ಜಿಗೆ ಹೇಳಿದಾಗ ಅವರಿಗೆ ಹೊಸದೇನೂ ಅನಿಸಲಿಲ್ಲ. “ಹಗೇವಿಗೆ ಹಸಿ ರಾಗಿ ಹಾಕ್ತಾರೇನೇ?” ಅಂದರು. ಹಿಂದೆ ನಮ್ಮ ಕಡೆ ನೆಲದೊಳಗೆ ಗುಂಡಿ ತೋಡಿ ರಾಗಿ ತುಂಬಿ ಬಾಯಿ ಮುಚ್ಚುತ್ತಿದ್ದರಲ್ಲ, ಅದೇ ಹಗೇವು. ಚೆನ್ನಾಗಿ ಒಣಗಿದ ರಾಗಿ, ತಂಪು, ಕತ್ತಲು, ಗಾಳಿ ಇಲ್ಲ. ವರ್ಷಗಟ್ಟಲೆ ಹಾಳಾಗುತ್ತಿರಲಿಲ್ಲ. ಬಾಯಿ ತೆಗೆದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲ. ಒಳಗೆ ಕೆಟ್ಟ ಗಾಳಿ ತುಂಬಿರುತ್ತೆ ಅಂತ ಸ್ವಲ್ಪ ಹೊತ್ತು ಬಿಡುತ್ತಿದ್ದರು. ಬೀಜದ ಬ್ಯಾಂಕಿನ ಮೂರು ನಿಯಮವೂ ಆ ಗುಂಡಿಯಲ್ಲೇ ಇತ್ತು. ಎಂಜಿನಿಯರಿಂಗ್ ಓದಿದ ಮೊಮ್ಮಗಳಿಗೆ ಗೊತ್ತಿರಲಿಲ್ಲ, ಅಷ್ಟೇ.

ಆದರೆ ಎಲ್ಲ ಬೀಜವೂ ರಾಗಿಯಲ್ಲ. ರಾಗಿ, ಭತ್ತ, ಅವರೆ, ಹುರುಳಿ ಒಣಗಿಸಿದರೆ ಸಂತೋಷವಾಗಿ ನಿದ್ದೆ ಮಾಡುತ್ತವೆ. ಹಲಸು, ಮಾವು ಹಾಗಲ್ಲ. ಒಣಗಿಸಿದರೆ ಸಾಯುತ್ತವೆ, ಒಣಗಿಸದೆ ಫ್ರೀಜ್ ಮಾಡಿದರೂ ಸಾಯುತ್ತವೆ. ದೊಡ್ಡಬಳ್ಳಾಪುರ ತಾಲ್ಲೂಕಿನ ತೂಬಗೆರೆ ಹಲಸಿಗೆ ಹೆಸರುವಾಸಿ. ಆ ಹಲಸಿನ ಒಂದೊಂದು ಮರದ ರುಚಿಯೂ ಬೇರೆ. ಅದನ್ನು ಬೀಜ ಮಾಡಿ ಯಾವ ಉಗ್ರಾಣದಲ್ಲೂ ಇಡಲಾಗದು. ನಿಂಬೆ, ಕಿತ್ತಳೆ, ಚಕ್ಕೋತದ ಸಂಸಾರ ಇವೆರಡರ ನಡುವಿನದು. ಒಂದಿಷ್ಟು ಒಣಗುವುದನ್ನು ತಡೆದುಕೊಳ್ಳುತ್ತವೆ, ಎಷ್ಟು ಅನ್ನುವುದು ಒಂದೊಂದು ಜಾತಿಗೆ ಒಂದೊಂದು ಥರ. ತೊಳೆದು ಒರೆಸಿದ್ದು ಒಣಗಿಸಿದ ಹಾಗಾಗಲಿಲ್ಲ ಅನ್ನೋದು ನನ್ನ ಮೊದಲ ಪಾಠ.

ಮೊಮ್ಮಕ್ಕಳು ಅಜ್ಜಿಯ ಹಾಗೇ ಇರ್ತಾರಾ?

“ಹಾಗಾದ್ರೆ ಅಜ್ಜಿಯ 9 ಸಸಿ ಇದೆಯಲ್ಲ ಅಕ್ಕ, ಮರ ಉಳಿದ ಹಾಗೇ ಅಲ್ವಾ?” ಅಂತ ಕೇಳಿದೆ.

“ಅಲ್ಲ” ಅಂದರು. ಇದು ಎರಡನೇ ಪಾಠ, ಮೊದಲನೆಯದಕ್ಕಿಂತ ಕಷ್ಟದ್ದು.

ನಿಂಬೆ ಜಾತಿಯ ಬಹಳಷ್ಟು ಗಿಡಗಳ ಬೀಜದಲ್ಲಿ ಒಂದು ವಿಚಿತ್ರ ಇದೆ. ಒಂದೇ ಬೀಜದೊಳಗೆ ಹಲವು ಭ್ರೂಣಗಳಿರುತ್ತವೆ. ಅವುಗಳಲ್ಲಿ ಹೆಚ್ಚಿನವು ಪರಾಗಸ್ಪರ್ಶದಿಂದ ಹುಟ್ಟಿದವಲ್ಲ. ತಾಯಿಯ ಅಂಗಾಂಶದಿಂದಲೇ ಹುಟ್ಟಿದ ತದ್ರೂಪುಗಳು. ಕಿತ್ತಳೆಯ ಬೀಜ ಹಾಕಿದರೆ ಹೆಚ್ಚುಕಡಿಮೆ ಅದೇ ಕಿತ್ತಳೆ ಬರುವುದು ಹೀಗೆ. ಚಕ್ಕೋತದ ಬೀಜದಲ್ಲಿ ಮಾತ್ರ ಒಂದೇ ಭ್ರೂಣ, ಅದು ಅಪ್ಪ-ಅಮ್ಮ ಇಬ್ಬರೂ ಸೇರಿ ಆದದ್ದು. ಅಮ್ಮ ನಮ್ಮ ಹಿತ್ತಿಲ ಮರ, ಸರಿ. ಅಪ್ಪ ಯಾರು? ಜೇನುನೊಣಕ್ಕೇ ಗೊತ್ತು. ಪಕ್ಕದ ಬೀದಿಯ ಹುಳಿ ಚಕ್ಕೋತ ಇರಬಹುದು. 9 ಸಸಿ ಅಂದರೆ 9 ಮೊಮ್ಮಕ್ಕಳು. ಅಜ್ಜಿಯ ಮೂಗು ಒಬ್ಬರಿಗೆ, ಅಜ್ಜಿಯ ಸಿಟ್ಟು ಇನ್ನೊಬ್ಬರಿಗೆ ಬಂದೀತು. ಆದರೆ ಯಾರೂ ಅಜ್ಜಿಯಾಗಲ್ಲ.

2017ರಲ್ಲಿ ಚೀನಾದ ವಿಜ್ಞಾನಿಗಳು ಚಕ್ಕೋತದ ಜೀನೋಮ್ ಓದಿ ಪ್ರಕಟಿಸಿದರು. ತಾಯಿಯ ತದ್ರೂಪು ಬೀಜದಲ್ಲಿ ಹುಟ್ಟುವುದಕ್ಕೆ ಯಾವ ಜೀನಿನ ಕೈವಾಡ ಇದೆ ಅನ್ನೋದನ್ನೂ ಅದೇ ಅಧ್ಯಯನ ಹುಡುಕಿತು. ಚಕ್ಕೋತ ಸಾಮಾನ್ಯ ಹಣ್ಣಲ್ಲ, ಅದು ನಿಂಬೆ ಜಾತಿಯ ಮೂಲಪುರುಷರಲ್ಲಿ ಒಂದು. ನಾವು ದಿನಾ ಕುಡಿಯುವ ಕಿತ್ತಳೆ ಜ್ಯೂಸಿನ ಕಿತ್ತಳೆಯೇ ಚಕ್ಕೋತ ಮತ್ತು ಮ್ಯಾಂಡರಿನ್‌ಗಳ ಬೆರಕೆಯಿಂದ ಬಂದದ್ದು. ಮೊಮ್ಮಗ ಜಗತ್ಪ್ರಸಿದ್ಧನಾದ, ಅಜ್ಜ ದೇವನಹಳ್ಳಿಯ ಹಿತ್ತಿಲಲ್ಲೇ ಉಳಿದ.

ಹೆಸರಘಟ್ಟದ ಎರಡು ಸಾರಜನಕ

ಹಾಗಾದರೆ ವಿಜ್ಞಾನಿಗಳು ಇಂಥ ಗಿಡಗಳನ್ನು ಹೇಗೆ ಕಾಪಿಡುತ್ತಾರೆ? ಉತ್ತರದ ಒಂದು ತುದಿ ನಮ್ಮ ಪಕ್ಕದಲ್ಲೇ, ಹೆಸರಘಟ್ಟದಲ್ಲಿ ಸಿಕ್ಕಿತು. ದೊಡ್ಡಬಳ್ಳಾಪುರದವರಿಗೂ ನೆಲಮಂಗಲದವರಿಗೂ ಅದು ದೂರವಲ್ಲ.

ಹಳ್ಳಿಯಲ್ಲಿ ಹಸು ಕಟ್ಟಿದವರಿಗೆ ಒಂದು ದೃಶ್ಯ ಗೊತ್ತೇ ಇರುತ್ತೆ. ಹಸು ಬೆದೆಗೆ ಬಂದಾಗ ಇಂಜೆಕ್ಷನ್ ಮಾಡುವವರು ಬೈಕಿನಲ್ಲಿ ಬರುತ್ತಾರೆ. ಕೊಡದಂಥ ಕ್ಯಾನಿನ ಮುಚ್ಚಳ ತೆಗೆದರೆ ಬಿಳಿ ಹೊಗೆ ಬುಸುಬುಸು ಬರುತ್ತೆ. ಅದರೊಳಗಿಂದ ಸಣ್ಣ ಕಡ್ಡಿ ತೆಗೆಯುತ್ತಾರೆ. ಆ ಹೊಗೆ ದ್ರವ ಸಾರಜನಕದ್ದು. ಉಷ್ಣತೆ ಮೈನಸ್ 196 ಡಿಗ್ರಿ. ಕಡ್ಡಿಯೊಳಗೆ ಹೋರಿಯ ವೀರ್ಯ. ಹೋರಿ ಸತ್ತು ಹೋಗಿದ್ದರೂ ಕರು ಹುಟ್ಟುತ್ತೆ. ಹೆಸರಘಟ್ಟದಲ್ಲಿ ಇದಕ್ಕಾಗಿಯೇ ಕೇಂದ್ರ ಸರ್ಕಾರದ ಘನೀಕೃತ ವೀರ್ಯ ಉತ್ಪಾದನೆ ಮತ್ತು ತರಬೇತಿ ಸಂಸ್ಥೆ ಇದೆ.

ಅದೇ ಹೆಸರಘಟ್ಟದಲ್ಲಿ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯೂ ಇದೆ. 1967ರಲ್ಲಿ ಶುರುವಾದದ್ದು. ಅಲ್ಲಿ ಡಾ. ಎಸ್. ಗಣೇಶನ್ ಮತ್ತು ಅವರ ಸಹೋದ್ಯೋಗಿಗಳು 1980ರ ದಶಕದಲ್ಲಿ ಅದೇ ಉಪಾಯವನ್ನು ಗಿಡಗಳ ಮೇಲೆ ಮಾಡಿದರು. ಹೂವಿನ ಪರಾಗವನ್ನು ಒಣಗಿಸಿ, ಮುಚ್ಚಿ, ದ್ರವ ಸಾರಜನಕದಲ್ಲಿ ಮುಳುಗಿಸಿದರು. 1986ರಲ್ಲಿ ಪಪ್ಪಾಯಿ ಪರಾಗದ ಬಗ್ಗೆ, 1991ರಲ್ಲಿ ನಿಂಬೆ ಜಾತಿಯ ಪರಾಗದ ಬಗ್ಗೆ ಅವರ ಸಂಶೋಧನೆ ಪ್ರಕಟವಾಯಿತು. ಸಂಸ್ಥೆಯಲ್ಲಿ ಪರಾಗದ ಒಂದು ಕ್ರಯೋ ಬ್ಯಾಂಕೇ ಬೆಳೆಯಿತು. ಇದರಿಂದ ಒಂದು ದೊಡ್ಡ ಅನುಕೂಲ ಇದೆ. ಜನವರಿಯಲ್ಲಿ ಹೂ ಬಿಡುವ ಗಿಡವನ್ನು ಜೂನ್‌ನಲ್ಲಿ ಹೂ ಬಿಡುವ ಗಿಡಕ್ಕೆ ಮದುವೆ ಮಾಡಿಸಬಹುದು. ಗಂಡು ಹಾಜರಿರಬೇಕಾಗಿಯೇ ಇಲ್ಲ.

ಮೈನಸ್ 196ರಲ್ಲಿ ಏನು ವಿಶೇಷ? ಮೈನಸ್ 130ಕ್ಕಿಂತ ಕೆಳಗೆ ಹೋದರೆ ಕೋಶದೊಳಗಿನ ರಾಸಾಯನಿಕ ಕ್ರಿಯೆಗಳು ಹೆಚ್ಚುಕಡಿಮೆ ನಿಂತೇ ಹೋಗುತ್ತವೆ. ಕಾಲವೇ ನಿಂತ ಹಾಗೆ. ಇದಕ್ಕೆ ಕರೆಂಟೂ ಬೇಡ. ಸಾರಜನಕ ಆವಿಯಾಗುತ್ತಾ ಹೋದ ಹಾಗೆ ಯಾರಾದರೂ ಮರೆಯದೆ ತುಂಬಿಸುತ್ತಿರಬೇಕು, ಅಷ್ಟೇ.

ಆದರೆ ಪರಾಗ ಅಂದರೆ ಅರ್ಧ ಮಾತ್ರ. ಅಪ್ಪನ ಪಾಲಿನ ಜೀನುಗಳಷ್ಟೇ ಅದರಲ್ಲಿರುತ್ತವೆ. ಪೂರ್ತಿ ಗಿಡ ಬೇಕೆಂದರೆ ಕುಡಿಯನ್ನೋ ಮೊಗ್ಗನ್ನೋ ಜೀವಂತವಾಗಿ ತಣಿಸಬೇಕು. ಅಲ್ಲಿ ಮತ್ತೆ ನೀರಿನ ತಂಟೆ.

ಹಿಪ್ಪುನೇರಳೆ ಕಡ್ಡಿ ಕಲಿಸಿದ ಪಾಠ

ಈ ತಂಟೆಯನ್ನು ಬಿಡಿಸಿದವರಲ್ಲಿ ಜಪಾನಿನ ಅಕಿರಾ ಸಕಾಯ್ ದೊಡ್ಡ ಹೆಸರು. 1950ರ ದಶಕದಲ್ಲಿ ಅವರು ಪ್ರಯೋಗಕ್ಕೆ ತೆಗೆದುಕೊಂಡದ್ದು ಹಿಪ್ಪುನೇರಳೆ ಕಡ್ಡಿಗಳನ್ನು! ರೇಷ್ಮೆ ಬೆಳೆಯುವ ನಮ್ಮ ವಿಜಯಪುರ, ಹೊಸಕೋಟೆ ಕಡೆಯವರಿಗೆ ಹೇಳಿದರೆ ಖುಷಿಯಾದೀತು. ಜಪಾನಿನ ಚಳಿಗಾಲದಲ್ಲಿ ಗಟ್ಟಿಯಾದ ಕಡ್ಡಿಯನ್ನು ಮೊದಲು ನಿಧಾನವಾಗಿ ತಣಿಸಿದರೆ ಕೋಶದೊಳಗಿನ ನೀರು ಹೊರಗೆ ಬಂದು, ಹೊರಗೇ ಹೆಪ್ಪುಗಟ್ಟುತ್ತದೆ. ಆಮೇಲೆ ದ್ರವ ಸಾರಜನಕಕ್ಕೆ ಹಾಕಿದರೂ ಕೋಶ ಹರಿಯುವುದಿಲ್ಲ. ಕಡ್ಡಿ ಬದುಕಿತು.

ನಮ್ಮ ಹವೆಯಲ್ಲಿ ಅಂಥ ಚಳಿಗಾಲ ಎಲ್ಲಿದೆ? ಹಾಗಾಗಿ ಇಲ್ಲಿ ದಾರಿ ಬದಲಾಯಿಸಿಕೊಂಡರು. ಗಡಿಯಾಚೆ ಹೊಸೂರಿನಲ್ಲಿ ಕೇಂದ್ರೀಯ ರೇಷ್ಮೆ ತಳಿ ಸಂಪನ್ಮೂಲ ಕೇಂದ್ರ ಇದೆ. ಅದರ ಹೊಲದಲ್ಲಿ ಸಾವಿರಕ್ಕೂ ಹೆಚ್ಚು ಹಿಪ್ಪುನೇರಳೆ ತಳಿಗಳಿವೆ. ಅಲ್ಲಿನವರು ದೆಹಲಿಯ ರಾಷ್ಟ್ರೀಯ ಸಸ್ಯ ತಳಿ ಸಂಪನ್ಮೂಲ ಬ್ಯೂರೋ ಜೊತೆ ಸೇರಿ ಹಿಪ್ಪುನೇರಳೆ ಮೊಗ್ಗನ್ನು ಮೊದಲು ಒಣಗಿಸಿ, ಆಮೇಲೆ ನಿಧಾನವಾಗಿ ತಣಿಸಿ, ಸಾರಜನಕದಲ್ಲಿಡುವ ಕ್ರಮ ರೂಢಿಸಿದರು. 1976ರಿಂದ ಇರುವ ಆ ಬ್ಯೂರೋದ ಬೀಜ ಬ್ಯಾಂಕಿನಲ್ಲಿ 4 ಲಕ್ಷಕ್ಕೂ ಹೆಚ್ಚು ಬೀಜ ಮಾದರಿಗಳಿವೆ. 2025ರ ಕೇಂದ್ರ ಬಜೆಟ್ಟಿನಲ್ಲಿ 10 ಲಕ್ಷ ತಳಿಗಳಿಗೆ ಜಾಗವಿರುವ ಇನ್ನೊಂದು ಜೀನ್ ಬ್ಯಾಂಕ್ ಘೋಷಣೆಯಾಯಿತು.

1990ರಲ್ಲಿ ಸಕಾಯ್ ತಂಡ ಇನ್ನೊಂದು ಹೆಜ್ಜೆ ಮುಂದಿಟ್ಟಿತು. ಗ್ಲಿಸರಿನ್, ಸಕ್ಕರೆ ಮುಂತಾದವುಗಳ ಗಾಢ ದ್ರಾವಣದಲ್ಲಿ ಕೋಶಗಳನ್ನು ಅದ್ದಿ, ಒಮ್ಮೆಲೇ ಸಾರಜನಕಕ್ಕೆ ಹಾಕಿದರೆ ನೀರು ಹರಳಾಗದೆ ಗಾಜಿನ ಹಾಗೆ ನಿಂತುಬಿಡುತ್ತದೆ. ಸಕ್ಕರೆ ಪಾಕ ಕಾಯಿಸಿ ಸರಿಯಾದ ಹದದಲ್ಲಿ ತಣಿಸಿದರೆ ಹರಳಾಗದೆ ಮಿಠಾಯಿಯಂತೆ ಪಾರದರ್ಶಕವಾಗುತ್ತಲ್ಲ, ಹಾಗೆ. ಆ ಪ್ರಯೋಗ ನಡೆದದ್ದು ಯಾವುದರ ಮೇಲೆ ಗೊತ್ತಾ? ಕಿತ್ತಳೆಯ ಕೋಶಗಳ ಮೇಲೆ. ಚಕ್ಕೋತದ ಮೊಮ್ಮಗನೇ ದಾರಿ ತೋರಿಸಿದ. ಇವತ್ತು ಬೆಲ್ಜಿಯಂನ ಲ್ಯೂವೆನ್ ವಿಶ್ವವಿದ್ಯಾಲಯದಲ್ಲಿ 1500ಕ್ಕೂ ಹೆಚ್ಚು ಬಾಳೆ ಮಾದರಿಗಳಿವೆ, ಅವುಗಳಲ್ಲಿ ಬಹಳಷ್ಟರ ಕುಡಿಗಳನ್ನು ಹೀಗೇ ಸಾರಜನಕದಲ್ಲಿಟ್ಟಿದ್ದಾರೆ. ಬಾಳೆಗೆ ಬೀಜವೇ ಇಲ್ಲ, ಬೇರೆ ದಾರಿಯೂ ಇಲ್ಲ. ಪನಾಮಾ ಸೊರಗು ರೋಗಕ್ಕೆ ಸಿಕ್ಕಿ ನಮ್ಮ ನಂಜನಗೂಡು ರಸಬಾಳೆಯ ತೋಟಗಳು ಹೇಗೆ ಬರಿದಾದವು ಅನ್ನೋದನ್ನು ಬಲ್ಲವರಿಗೆ ಇದರ ಬೆಲೆ ಗೊತ್ತು.

ಸತ್ತ ಎಲೆಗೂ ಕೆಲಸ ಇದೆ

ಇಲ್ಲಿ ನನಗೆ ಇನ್ನೊಂದು ಗೊಂದಲ ಇತ್ತು. ಸಂಶೋಧನೆಗೆ ಎಲೆ ತಂದು ಫ್ರೀಜ್ ಮಾಡುತ್ತಾರೆ ಅಂತಲೂ ಓದಿದ್ದೆ. ಎಲೆ ಹಸಿಯಾಗಿಯೇ ಇರುತ್ತಲ್ಲ, ಅದು ಕೆಡುವುದಿಲ್ಲವೇ?

ಅಕ್ಕ ವಿವರಿಸಿದರು. ಅಲ್ಲಿ ಉದ್ದೇಶವೇ ಬೇರೆ. ಎಲೆ ಬದುಕಬೇಕಾಗಿಲ್ಲ, ಅದರ ಡಿಎನ್ಎ ಚೂರಾಗದಿದ್ದರೆ ಸಾಕು. ಎಲೆ ಕಿತ್ತ ಕ್ಷಣದಿಂದ ಅದರೊಳಗಿನ ಕಿಣ್ವಗಳು ಡಿಎನ್ಎಯನ್ನು ಕತ್ತರಿಸಲು ಶುರುಮಾಡುತ್ತವೆ. ಹಾಗಾಗಿ ಎಲೆಯನ್ನು ತಕ್ಷಣ ದ್ರವ ಸಾರಜನಕಕ್ಕೆ ಹಾಕುತ್ತಾರೆ. ಗಾಜಿನ ಹಾಗೆ ಪುಡಿಯಾಗುವ ಎಲೆಯನ್ನು ಅಲ್ಲೇ ಕುಟ್ಟಾಣಿಯಲ್ಲಿ ಕುಟ್ಟಿ ಡಿಎನ್ಎ ತೆಗೆಯಬಹುದು, ಇಲ್ಲವೇ ಮೈನಸ್ 80 ಡಿಗ್ರಿಯ ಡೀಪ್ ಫ್ರೀಜರ್‌ನಲ್ಲಿ ವರ್ಷಗಟ್ಟಲೆ ಇಡಬಹುದು. ಸಾರಜನಕ ಸಿಗದ ಕಾಡಿನಲ್ಲಾದರೆ ಹೊಸ ಶೂ ಡಬ್ಬಿಯಲ್ಲಿ ಬರುವ ಸಿಲಿಕಾ ಜೆಲ್ ಪುಡಕೆಗಳಂಥದ್ದೇ ಸಾಕು, ಎಲೆಯನ್ನು ಬೇಗ ಒಣಗಿಸಿದರೂ ಡಿಎನ್ಎ ಉಳಿಯುತ್ತದೆ.

ಹಾಗೆ ಇಟ್ಟ ಎಲೆಯಿಂದ ಈ ಮರ ಯಾವ ಮರದ ನೆಂಟ, ಕೆಂಪು ತೊಳೆಯ ಜೀನ್ ಯಾವುದು, ರೋಗ ತಡೆಯುವ ಗುಣ ಎಲ್ಲಿದೆ ಅನ್ನೋದನ್ನೆಲ್ಲ ಓದಬಹುದು. ಮರ ಮಾತ್ರ ವಾಪಸ್ ಬರಲ್ಲ. ನನ್ನ ಭಾಷೆಯಲ್ಲಿ ಹೇಳಬೇಕೆಂದರೆ ಸೋರ್ಸ್ ಕೋಡ್ ಪ್ರಿಂಟ್ ತೆಗೆದು ಫೈಲ್‌ನಲ್ಲಿಟ್ಟ ಹಾಗೆ. ಓದಬಹುದು, ರನ್ ಮಾಡಲಾಗದು. ಒಂದು ಫ್ರೀಜರ್ ಮಾಹಿತಿ ಕಾಯುತ್ತೆ, ಇನ್ನೊಂದು ಜೀವ ಕಾಯುತ್ತೆ. ನಾನು ಎರಡನ್ನೂ ಒಂದೇ ಅಂದುಕೊಂಡು, ಬಟಾಣಿ ಪಕ್ಕದಲ್ಲಿಟ್ಟಿದ್ದೆ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನಿದ್ದ ಒಂದು ಪ್ರಾಜೆಕ್ಟಿನಲ್ಲಿ ಸರ್ವರ್ ಕೈಕೊಟ್ಟಿತು. ಪ್ರತಿ ರಾತ್ರಿ ತಪ್ಪದೆ ಬ್ಯಾಕಪ್ ಆಗುತ್ತಿತ್ತು. ಎರಡು ವರ್ಷದ ಬ್ಯಾಕಪ್! ತೆಗೆದು ನೋಡಿದರೆ ಒಂದು ಫೈಲೂ ತೆರೆಯಲಿಲ್ಲ. ಯಾಕೆಂದರೆ ಯಾರೂ ಒಮ್ಮೆಯೂ ರಿಸ್ಟೋರ್ ಮಾಡಿ ನೋಡಿರಲೇ ಇಲ್ಲ. ಬೀಜ ಬ್ಯಾಂಕಿನವರು ಆ ತಪ್ಪು ಮಾಡುವುದಿಲ್ಲ. ಕೆಲವು ವರ್ಷಕ್ಕೊಮ್ಮೆ ಒಂದಿಷ್ಟು ಬೀಜ ತೆಗೆದು ಮೊಳಕೆ ಬರಿಸಿ ನೋಡುತ್ತಾರೆ. ಮೊಳಕೆ ಪ್ರಮಾಣ ಇಳಿದರೆ ಹೊಲದಲ್ಲಿ ಬೆಳೆದು ಹೊಸ ಬೀಜ ಇಡುತ್ತಾರೆ. ಸಿರಿಯಾದ ಅಲೆಪ್ಪೊ ಬಳಿ ಇದ್ದ ಇಕಾರ್ಡಾ ಸಂಸ್ಥೆಯ ಬೀಜ ಬ್ಯಾಂಕ್ ಯುದ್ಧದಲ್ಲಿ ಕೈತಪ್ಪಿದಾಗ, ಅವರು 2015ರಲ್ಲಿ ಸ್ವಾಲ್ಬಾರ್ಡ್‌ನಿಂದ ತಮ್ಮ ಬೀಜ ವಾಪಸ್ ಪಡೆದರು. ಲೆಬನಾನ್, ಮೊರಾಕೊದಲ್ಲಿ ಬಿತ್ತಿ ಬೆಳೆದು, 2017ರಲ್ಲಿ ಹೊಸ ಬೀಜವನ್ನು ಮತ್ತೆ ಅಲ್ಲಿಗೇ ತಂದಿಟ್ಟರು. ರಿಸ್ಟೋರ್ ಅಂದರೆ ಅದು.

ಗೂಟಿ ಕಟ್ಟಿದ ಭಾನುವಾರ

ಇಷ್ಟೆಲ್ಲ ತಿಳಿದುಕೊಳ್ಳುವ ಹೊತ್ತಿಗೆ ಜೂನ್ ಬಂದಿತ್ತು. ಶ್ರಾವಣಕ್ಕೆ ಎರಡು ತಿಂಗಳೂ ಇಲ್ಲ. “ಈಗ ನಾನೇನು ಮಾಡ್ಲಿ ಅಕ್ಕ? ಲ್ಯಾಬ್‌ಗೆ ಕೊಡ್ಲಾ?” ಅಂದೆ.

“ಲ್ಯಾಬ್ ಆಮೇಲೆ. ಮೊದಲು ಗೂಟಿ ಕಟ್ಟು” ಅಂದರು. ಮೈನಸ್ 196ರ ಕತೆಯೆಲ್ಲ ಕೇಳಿದ ಮೇಲೆ ಸಿಕ್ಕ ಉತ್ತರ ಅಜ್ಜನ ಕಾಲದ್ದು.

ಭಾನುವಾರ ಊರಿಗೆ ಹೋದೆ. ಚಿಕ್ಕಪ್ಪನೇ ಏಣಿ ಹಿಡಿದರು. ಪೆನ್ಸಿಲ್ ದಪ್ಪದ ಗಟ್ಟಿ ರೆಂಬೆ ಆರಿಸಿ, ಒಂದಂಗುಲ ಅಗಲ ಸುತ್ತಲೂ ಸಿಪ್ಪೆ ತೆಗೆದು, ಒದ್ದೆ ಮಾಡಿ ಹಿಂಡಿದ ತೆಂಗಿನ ನಾರಿನ ಪುಡಿ ಮೆತ್ತಿ, ಪ್ಲಾಸ್ಟಿಕ್ ಹಾಳೆ ಸುತ್ತಿ ಎರಡು ಕಡೆ ಬಿಗಿಯಾಗಿ ಕಟ್ಟಿದೆವು. ಎಲೆ ಮಾಡಿದ ಆಹಾರ ಸಿಪ್ಪೆಯಲ್ಲಿ ಕೆಳಗಿಳಿಯಲಾಗದೆ ಅಲ್ಲೇ ನಿಲ್ಲುತ್ತೆ, ಅಲ್ಲಿಂದ ಬೇರೊಡೆಯುತ್ತೆ. ಹೀಗೆ ಬಂದ ಗಿಡ ಮೊಮ್ಮಗು ಅಲ್ಲ, ಅಜ್ಜಿಯೇ. ಒಟ್ಟು 10 ಗೂಟಿ ಕಟ್ಟಿದೆವು. ಅಜ್ಜಿ ಕೆಳಗೆ ಕೂತು, “ಆ ಕೊಂಬೆ ಬೇಡ ಕಣಮ್ಮ, ಅದು ನೆರಳಲ್ಲಿದೆ. ಪೂರ್ವದ ಕಡೇದು ಹಿಡಿ” ಅಂತ ಹೇಳುತ್ತಿದ್ದರು.

ಶ್ರಾವಣ ಬಂತು. ಬಿಚ್ಚಿ ನೋಡುವ ಹೊತ್ತಿಗೆ ಎರಡರಲ್ಲಷ್ಟೇ ಬಿಳಿ ಬೇರು ಪ್ಲಾಸ್ಟಿಕ್ಕಿನಾಚೆ ಕಾಣುತ್ತಿತ್ತು. ಉಳಿದವಕ್ಕೆ ಇನ್ನೂ ಮೂರು ವಾರ ಬೇಕು ಅಂತ ಅಕ್ಕ ಹೇಳಿದ್ದರು. ಗುದ್ದಲಿ ಪೂಜೆಯ ದಿನ ಗೊತ್ತಾಗಿ ಹೋಗಿತ್ತು. ಚಿಕ್ಕಪ್ಪ ನಮ್ಮಿಬ್ಬರ ಮುಖ ನೋಡಿದರು. ಪೂಜೆಯನ್ನು ಅದೇ ದಿನ ಈಶಾನ್ಯ ಮೂಲೆಯಲ್ಲಿ ಮಾಡಿಸಿದರು. ಜೆಸಿಬಿಯವನಿಗೆ ಮಾತ್ರ, “ಆ ಮರದ ಕಡೆ ಗಣೇಶನ ಹಬ್ಬ ಆದ್ಮೇಲೆ ಬಾರಪ್ಪ” ಅಂದರು. ಅದಕ್ಕೆ ಅವರಿಗೆ ಎಷ್ಟು ಖರ್ಚಾಯಿತೋ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಹಬ್ಬ ಮುಗಿದ ಮೇಲೆ 7 ಗೂಟಿ ಬೇರು ಬಿಟ್ಟಿದ್ದವು. ಕತ್ತರಿಸಿ ಕವರಿಗೆ ಹಾಕಿದೆವು. ಎರಡು ಆಮೇಲೆ ಒಣಗಿದವು. ಐದು ಉಳಿದವು. ಮರ ಹೋಯಿತು. ಕಡಿಯುವ ದಿನ ಅಜ್ಜಿಯನ್ನು ನಾನು ಬೆಂಗಳೂರಿಗೆ ಕರೆದುಕೊಂಡು ಬಂದಿದ್ದೆ. ಅವರೇ ಕೇಳಿ ಬಂದರು.

ಐದರಲ್ಲಿ ಒಂದು ಚಿಕ್ಕಪ್ಪನ ಹೊಸ ಮನೆ ಮುಂದೆ ಇದೆ, ಅವರೇ ಕೇಳಿ ತಗೊಂಡರು. ಒಂದು ದೊಡ್ಡಬಳ್ಳಾಪುರದ ಸೋದರತ್ತೆ ಮನೆಯಲ್ಲಿ, ಒಂದು ಹೊಸಕೋಟೆಯ ಗೆಳತಿಯ ತೋಟದಲ್ಲಿ, ಒಂದು ಅಕ್ಕನ ಸುಪರ್ದಿಯಲ್ಲಿ. ಕೊನೆಯದು ನಮ್ಮ ಬಾಲ್ಕನಿಯ ಡ್ರಮ್ಮಿನಲ್ಲಿ. ಬೇಕಂತಲೇ ಬೇರೆಬೇರೆ ಊರಿಗೆ ಹಂಚಿದೆ. ಎಲ್ಲ ಕಾಪಿ ಒಂದೇ ಜಾಗದಲ್ಲಿ ಇಡಬಾರದು ಅನ್ನೋದೊಂದು ನನ್ನ ಕೆಲಸದಿಂದ ನಿಜವಾಗಿ ಉಪಯೋಗಕ್ಕೆ ಬಂದ ಪಾಠ.

ನಿಮ್ಮ ಹಿತ್ತಿಲಲ್ಲೂ ಇದ್ದರೆ

ಓದುತ್ತಿರುವ ನಿಮ್ಮಲ್ಲಿ ಎಷ್ಟೋ ಜನರ ಹಿತ್ತಿಲಲ್ಲಿ ಇಂಥದ್ದೊಂದು ಮರ ಇರಬಹುದು. ಹೆಸರಿಲ್ಲದ ಮಾವು, ಬರೀ ನಿಮ್ಮ ಮನೆಯವರಿಗೆ ಗೊತ್ತಿರುವ ಹಲಸು. ತುಮಕೂರು ಜಿಲ್ಲೆ ಚೇಳೂರಿನ ಒಂದು ಮನೆಯ ಹಲಸಿನ ಮರ ಹೀಗೇ ಇತ್ತು. ಹೆಸರಘಟ್ಟದ ಸಂಸ್ಥೆ ಅದನ್ನು ಗುರುತಿಸಿದ ಮೇಲೆ ಇವತ್ತು ‘ಸಿದ್ದು ಹಲಸು’ ಅಂತ ನಾಡಿಗೆಲ್ಲ ಗೊತ್ತು. ನಾನು ಕಲಿತದ್ದನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ.

ಕಾಳು, ಸೊಪ್ಪು, ತರಕಾರಿಯ ನಾಟಿ ಬೀಜವಾದರೆ ನೆರಳಲ್ಲಿ ಗರಿಗರಿಯಾಗಿ ಒಣಗಿಸಿ, ಗಾಳಿಯಾಡದ ಬಾಟಲಿಯಲ್ಲಿ, ಫ್ರಿಜ್ಜಿನ ಕೆಳಗಿನ ಭಾಗದಲ್ಲಿಡಿ. ಮೇಲೆ ಹೆಸರು, ಊರು, ವರ್ಷ ಬರೆಯಿರಿ. ಎರಡು ವರ್ಷಕ್ಕೊಮ್ಮೆ ಹತ್ತು ಬೀಜ ಒದ್ದೆ ಬಟ್ಟೆಯಲ್ಲಿ ಕಟ್ಟಿ ಮೊಳಕೆ ನೋಡಿ. ಹಲಸು, ಮಾವು, ಚಕ್ಕೋತದಂಥ ಮರವಾದರೆ ಬೀಜ ನಂಬಬೇಡಿ. ಕಸಿ ಇಲ್ಲವೇ ಗೂಟಿಯೇ ದಾರಿ, ಅದಕ್ಕೆ ಮಳೆಗಾಲದ ಶುರು ಒಳ್ಳೆಯದು. ಕನಿಷ್ಠ ಮೂರು ತಿಂಗಳು ಕೈಯಲ್ಲಿಟ್ಟುಕೊಳ್ಳಿ, ನನ್ನ ಹಾಗೆ ಕೊನೇ ಗಳಿಗೆಗೆ ಬಿಡಬೇಡಿ. ತಾಲ್ಲೂಕಿನ ತೋಟಗಾರಿಕೆ ಇಲಾಖೆಯಲ್ಲಿ ವಿಚಾರಿಸಿದರೆ ಕಸಿ ಕಟ್ಟುವವರ ಮಾಹಿತಿ ಸಿಗುತ್ತದೆ. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ಪ್ರಕಾರ ರೈತರು ತಮ್ಮ ತಳಿಯನ್ನು ತಮ್ಮ ಹೆಸರಿನಲ್ಲಿ ನೋಂದಾಯಿಸಲೂಬಹುದು.

ಬಾಲ್ಕನಿಯ ಗಿಡ ಈಗ ನನ್ನ ಸೊಂಟದೆತ್ತರ ಇದೆ. ಹೋದ ತಿಂಗಳು ಅಜ್ಜಿ ಬಂದಿದ್ದಾಗ ಎಲೆ ಒಂದನ್ನು ಉಜ್ಜಿ ಮೂಸಿದರು. “ಅದೇ” ಅಂದರು. ಆಮೇಲೆ ಅಡುಗೆಮನೆಗೆ ಹೋಗಿ ಫ್ರೀಜರ್ ಬಾಗಿಲು ತೆಗೆದು, ಉಳಿದ 24 ಬೀಜದ ಆ ಡಬ್ಬಿ ನೋಡಿದರು.

“ಸತ್ತೋಗಿರೋದನ್ನ ಯಾಕೆ ಇನ್ನೂ ಇಟ್ಟಿದ್ದೀಯೇ? ತೆಗೆದುಹಾಕು, ಮಂಜುಗಡ್ಡೆ ಇಡೋಕೆ ಜಾಗ ಇಲ್ಲ.”

ತೆಗೆಯಬೇಕು. ನಾಳೆ ತೆಗೆಯುತ್ತೇನೆ ಅಂತ ದಿನಾ ಅಂದುಕೊಳ್ಳುತ್ತಿದ್ದೇನೆ.